ಸವೆಯಲೆಂದೇ ಇಟ್ಟ ಹಿತ್ತಾಳೆ

ಪಿಟೀಲಿನ ಕಮಾನಿಗೆ ಒಂದು ತಲೆಯುಂಟು. ವಾದಕರ ಕೈಯಿಂದ ಅತಿ ದೂರದ ತುದಿಯಲ್ಲಿ ಕೊಕ್ಕಿನಂತೆ ಕೆಳಕ್ಕೆ ಚಾಚಿರುವ, ಕುದುರೆ ಕೂದಲಿನ ಒಂದು ಕೊನೆಯನ್ನು ತನ್ನೊಳಗೆ ಹಿಡಿದುಕೊಂಡಿರುವ ಪುಟ್ಟ ಭಾಗ ಅದು. ಕೋಲನ್ನೂ ತಲೆಯನ್ನೂ ಒಂದೇ ಮರದ ತುಂಡಿನಿಂದ ಕೆತ್ತುತ್ತಾರೆ. ಮರದ ಎಳೆಗಳು ಕೋಲಿನ ಉದ್ದಕ್ಕೆ ನೇರವಾಗಿ ಓಡುತ್ತವೆ. ತಲೆ ಕೆಳಮುಖವಾಗಿ ತಿರುಗುವಲ್ಲಿ ಮಾತ್ರ ಅವು ಅಡ್ಡಕ್ಕೆ ಸಿಕ್ಕಿ ಗಿಡ್ಡವಾಗುತ್ತವೆ. ಕಮಾನು ಕೈಜಾರಿ ತುದಿಯೂರಿ ಬಿದ್ದರೆ ಮುರಿಯುವುದು ಆ ಜಾಗದಲ್ಲೇ.

ಮುರಿದ ತಲೆಯನ್ನು ಕೂಡಿಸುವ ವಿದ್ಯೆ ಇದೆ. ಬಿರುಕಿಗೆ ಅಂಟು ಹಾಕಿ, ಒಣಗಿದ ಮೇಲೆ ತಲೆಯ ಹಿಂಬದಿಯಿಂದ ತೆಳ್ಳಗೆ ಒಂದು ಸೀಳು ಕೊಯ್ದು, ಎಳೆಗಳು ಬಿರುಕನ್ನು ದಾಟಿ ಹಾಯುವಂತೆ ಒಂದು ಮರದ ಚಕ್ಕೆಯನ್ನು ಒಳಗೆ ಕೂರಿಸುತ್ತಾರೆ. ಕುಶಲ ಕೈ ಮಾಡಿದ ಕೆಲಸವಾದರೆ ಆ ಕಮಾನು ಮತ್ತೆ ದಶಕಗಟ್ಟಲೆ ನುಡಿಯುತ್ತದೆ. ಆದರೆ ಮಾರುಕಟ್ಟೆ ಅದನ್ನು ಕ್ಷಮಿಸುವುದಿಲ್ಲ. ತಲೆ ಮುರಿದ ಕಮಾನಿನ ಬೆಲೆ ಮೊದಲಿದ್ದದ್ದರ ಸಣ್ಣ ಪಾಲಿಗೆ ಇಳಿಯುತ್ತದೆ. ಅದೇ ಕಮಾನಿನ ಕೂದಲನ್ನು ನೂರು ಸಲ ಬದಲಿಸಿದ್ದರೂ ಬೆಲೆ ಒಂದು ಕಾಸೂ ಕಡಿಮೆಯಾಗಿರುವುದಿಲ್ಲ.

ಒಂದು ವಸ್ತುವಿನ ಭಾಗಗಳು ಬದಲಾಗುತ್ತಾ ಹೋದರೆ ಅದು ಅದೇ ವಸ್ತುವಾಗಿ ಎಲ್ಲಿಯವರೆಗೆ ಉಳಿಯುತ್ತದೆ? ದರ್ಶನಶಾಸ್ತ್ರದ ಈ ಹಳೆಯ ಪ್ರಶ್ನೆಗೆ ಕಮಾನು ರಿಪೇರಿ ಮಾಡುವವರು ದಿನವೂ ಉಳಿ, ಅರ ಹಿಡಿದು ಉತ್ತರ ಕೊಡುತ್ತಿರುತ್ತಾರೆ.

ಪಾಲಿಯ ‘ಮಿಲಿಂದಪಞ್ಹ’ದಲ್ಲಿ ಇಂಡೋ-ಗ್ರೀಕ್ ದೊರೆ ಮಿಲಿಂದನ ಮುಂದೆ ಭಿಕ್ಷು ನಾಗಸೇನ ರಥವೊಂದನ್ನು ಮಾತಿನಲ್ಲೇ ಕಳಚುತ್ತಾನೆ. ಅಚ್ಚು ರಥವಲ್ಲ, ಗಾಲಿ ರಥವಲ್ಲ, ನೊಗ ರಥವಲ್ಲ, ಎಲ್ಲವನ್ನೂ ರಾಶಿ ಹಾಕಿದರೂ ರಥವಲ್ಲ. ಹಾಗಾದರೆ ರಥವೆಂಬುದು ಭಾಗಗಳನ್ನು ಆಶ್ರಯಿಸಿ ನಿಂತ ಒಂದು ಹೆಸರು, ವ್ಯವಹಾರಕ್ಕೆ ಬೇಕಾದ ಒಪ್ಪಂದ. ಗ್ರೀಕರಲ್ಲಿ ಇದೇ ಚರ್ಚೆ ಹಡಗಿನ ಸುತ್ತ ನಡೆಯಿತು: ಥೀಸಿಯಸ್‌ನ ಹಡಗಿನ ಕೊಳೆತ ಹಲಗೆಗಳನ್ನು ಅಥೆನ್ಸಿನವರು ಒಂದೊಂದಾಗಿ ಬದಲಿಸುತ್ತಾ ಬಂದರೆಂದು ಪ್ಲುಟಾರ್ಕ್ ಬರೆದ. 17ನೇ ಶತಮಾನದಲ್ಲಿ ಥಾಮಸ್ ಹಾಬ್ಸ್ ಅದಕ್ಕೊಂದು ತಂಟೆ ಸೇರಿಸಿದ. ತೆಗೆದುಹಾಕಿದ ಹಳೆಯ ಹಲಗೆಗಳನ್ನೆಲ್ಲ ಯಾರಾದರೂ ಕೂಡಿಟ್ಟು ಇನ್ನೊಂದು ಹಡಗು ಕಟ್ಟಿದರೆ, ಎರಡರಲ್ಲಿ ಥೀಸಿಯಸ್‌ನದು ಯಾವುದು? ಹಾಬ್ಸ್ ಊಹಿಸಿದ್ದು ಕಮಾನಿನ ಹರಾಜುಗಳಲ್ಲಿ ನಿಜವಾಗಿಯೇ ನಡೆಯುತ್ತದೆ. ಒಬ್ಬ ಪ್ರಸಿದ್ಧ ಕುಶಲಕರ್ಮಿಯ ಕೋಲಿಗೆ ಇನ್ನೊಬ್ಬನ ಹಿಡಿ, ಅವನ ಮೂಲ ಹಿಡಿ ಮತ್ತೆಲ್ಲೋ ಬೇರೊಬ್ಬನ ಕೋಲಿಗೆ. ಪರಿಣತರು ಪ್ರಮಾಣಪತ್ರದಲ್ಲಿ ಎರಡನ್ನೂ ಬೇರೆಬೇರೆಯಾಗಿ ನಮೂದಿಸುತ್ತಾರೆ, ಬೆಲೆಯೂ ಅದಕ್ಕೆ ತಕ್ಕಂತೆ ಏರಿಳಿಯುತ್ತದೆ.

ರಥಕ್ಕೂ ಹಡಗಿಗೂ ಒಂದು ಸಮಾನ ಕೊರತೆಯಿದೆ. ಅಲ್ಲಿ ಒಂದು ಹಲಗೆ ಇನ್ನೊಂದರಷ್ಟೇ ಮುಖ್ಯ, ಗಾಲಿ ನೊಗದಷ್ಟೇ ಮುಖ್ಯ. ತರ್ಕಕ್ಕೆ ಅದು ಅನುಕೂಲ. ಕಮಾನಿನ ವಿಷಯ ಹಾಗಲ್ಲ. ಅದನ್ನು ಮಾಡುವವರು ಯಾವುದು ಸಾಯಬೇಕು, ಯಾವುದು ಉಳಿಯಬೇಕು ಎಂಬುದನ್ನು ಮೊದಲೇ ಯೋಚಿಸಿ ಮಾಡಿರುತ್ತಾರೆ.

ಹಿಡಿಯ ಕಡೆಯಿಂದಲೇ ನೋಡಬಹುದು. ಕೂದಲಿನ ಇನ್ನೊಂದು ಕೊನೆಯನ್ನು ಹಿಡಿದಿರುವ, ಸಾಮಾನ್ಯವಾಗಿ ಎಬೊನಿಯಿಂದ ಮಾಡಿದ ತುಂಡಿಗೆ ಫ್ರಾಗ್ ಎನ್ನುತ್ತಾರೆ. ಕಮಾನಿನ ಬುಡದ ಗುಂಡಿಯನ್ನು ತಿರುಗಿಸಿದಾಗ ಕೋಲಿನೊಳಗಿನ ಉಕ್ಕಿನ ಸ್ಕ್ರೂ ಫ್ರಾಗನ್ನು ಹಿಂದಕ್ಕೆ ಎಳೆದು ಕೂದಲನ್ನು ಬಿಗಿ ಮಾಡುತ್ತದೆ. ಆ ಸ್ಕ್ರೂ ಹಾಯುವ ಪುಟ್ಟ ಕಣ್ಣು ಮಾತ್ರ ಹಿತ್ತಾಳೆಯದು. ಉಕ್ಕಿಗೆ ಉಕ್ಕನ್ನೇ ಕೊಡಬಹುದಿತ್ತು, ಕೊಡುವುದಿಲ್ಲ. ಎರಡರಲ್ಲಿ ಒಂದು ಸವೆಯಲೇಬೇಕಾದರೆ ಅಗ್ಗದ, ಸುಲಭವಾಗಿ ಬದಲಿಸಬಹುದಾದ ಹಿತ್ತಾಳೆ ಸವೆಯಲಿ ಎಂಬುದು ಲೆಕ್ಕ. ತಲೆಯ ಕೆಳಗೆ ಅಂಟಿಸಿದ ದಂತದ, ಮೂಳೆಯ ಅಥವಾ ಬೆಳ್ಳಿಯ ತೆಳು ಫಲಕಕ್ಕೂ ಇದೇ ಕೆಲಸ: ಏಟನ್ನೂ ಒಳಗಿನ ಬೆಣೆಯ ಒತ್ತಡವನ್ನೂ ತಾನು ತಿಂದು ತಲೆಯನ್ನು ಕಾಯುವುದು. ಹೆಬ್ಬೆರಳು ಉಜ್ಜುವ ಕಡೆ ಸುತ್ತಿದ ಚರ್ಮ ಬೆವರನ್ನೂ ಉಗುರನ್ನೂ ತಾನು ಹೊತ್ತುಕೊಳ್ಳುತ್ತದೆ. ಆ ಚರ್ಮವನ್ನು ಕಾಲಕಾಲಕ್ಕೆ ಬದಲಿಸದೆ ಸೋಮಾರಿತನ ಮಾಡಿದವರ ಕಮಾನಿನಲ್ಲಿ ಹೆಬ್ಬೆರಳು ಮರವನ್ನೇ ಕೊರೆದು ಗುಳಿ ಮಾಡಿರುತ್ತದೆ. ಆಗ ಆ ಜಾಗಕ್ಕೆ ಹೊಸ ಮರದ ತೇಪೆ ಹಾಕದೆ ದಾರಿಯಿಲ್ಲ.

ಎಲ್ಲಕ್ಕಿಂತ ಬೇಗ ಸಾಯುವುದು ಕೂದಲು. ಒಂದು ಪಿಟೀಲು ಕಮಾನಿಗೆ ಸುಮಾರು 150ರಿಂದ 200 ಎಳೆ ಬೇಕು. ಮಂಗೋಲಿಯಾ, ಸೈಬೀರಿಯಾ, ಚೀನಾಗಳ ಕುದುರೆಗಳ ಬಾಲದ ಕೂದಲಿಗೆ ಬೇಡಿಕೆ ಹೆಚ್ಚು. ಎಳೆಗಳನ್ನು ಬಾಚಿ, ಕೊನೆಯನ್ನು ದಾರದಿಂದ ಬಿಗಿದು, ತಲೆಯಲ್ಲೂ ಫ್ರಾಗ್‌ನಲ್ಲೂ ಕೊರೆದ ಗೂಡುಗಳೊಳಗೆ ಇಳಿಸಿ, ಮೆದು ಮರದ ಬೆಣೆ ಹೊಡೆಯುತ್ತಾರೆ. ಬೆಣೆಗೆ ಅಂಟು ಹಾಕುವುದು ಅಪರಾಧ, ಏಕೆಂದರೆ ಮುಂದಿನವರು ಅದನ್ನು ತೆಗೆಯಬೇಕು. ದಿನವೂ ನುಡಿಸುವವರು ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಕೂದಲು ಬದಲಿಸುತ್ತಾರೆ. 19ನೇ ಶತಮಾನದ ಪ್ಯಾರಿಸಿನಲ್ಲಿ ಜಾನ್ ಬಾಪ್ಟಿಸ್ಟ್ ವ್ಯೂಯೋಮ್ ಎಂಬ ಪಿಟೀಲು ತಯಾರಕ ಈ ಸಾವನ್ನು ಇನ್ನಷ್ಟು ಸಲೀಸು ಮಾಡಲು ಹೊರಟ. ಸಿದ್ಧಪಡಿಸಿದ ಕೂದಲ ಕಟ್ಟನ್ನು ವಾದಕರೇ ಕೂರಿಸಿಕೊಳ್ಳಬಹುದಾದ ಕಮಾನೊಂದನ್ನು ಅವನು ರೂಪಿಸಿದ.

ಕೂದಲ ಈ ಮಾತಿಗೆ ನಮ್ಮ ಶಾಸ್ತ್ರಗಳಲ್ಲಿ ಒಂದು ಹಳೆಯ ನಂಟಿದೆ. ‘ಇದು ಅದೇ’ ಎಂದು ಗುರುತಿಸುವ ಬುದ್ಧಿಗೆ ಪ್ರತ್ಯಭಿಜ್ಞೆ ಎಂದು ಹೆಸರು. ಅದು ಹೇಗೆ ಮೋಸಹೋಗುತ್ತದೆ ಎನ್ನಲು ದಾರ್ಶನಿಕರು ಮತ್ತೆ ಮತ್ತೆ ಕೊಡುವ ಉದಾಹರಣೆಗಳು ಎರಡು: ದೀಪದ ಜ್ವಾಲೆ, ಕತ್ತರಿಸಿದ ಮೇಲೆ ಮತ್ತೆ ಬೆಳೆದ ಕೂದಲು. ಬೆಳೆದದ್ದು ಅದೇ ಕೂದಲೆಂದು ತೋರುತ್ತದೆ; ನಿಜಕ್ಕೂ ಅದು ಅದರಂಥ ಬೇರೆ ಕೂದಲು. ಬ್ರಹ್ಮಸೂತ್ರದ ದೇವತಾಧಿಕರಣದ ಭಾಷ್ಯದಲ್ಲಿ ಶಂಕರರು ಶಬ್ದದ ನಿತ್ಯತೆಯನ್ನು ಚರ್ಚಿಸುವಾಗ ಎದುರಾಳಿ ತರುವ ಆಕ್ಷೇಪವೂ ಇದೇ: ಕೂದಲಿನಲ್ಲಿ ಆಗುವಂತೆ ಅಕ್ಷರಗಳಲ್ಲೂ ಬರಿಯ ಹೋಲಿಕೆಯಿಂದ ‘ಅದೇ’ ಎನ್ನಿಸುತ್ತಿರಬಾರದೇಕೆ? ಶಂಕರರು ಅದನ್ನು ಒಪ್ಪುವುದಿಲ್ಲ. ಕೂದಲಿನ ವಿಷಯದಲ್ಲಿ ಕತ್ತರಿಸಿದ್ದನ್ನು ಕಂಡ ಇನ್ನೊಂದು ಪ್ರಮಾಣ ಎದುರು ನಿಂತು ಗುರುತನ್ನು ಅಲ್ಲಗಳೆಯುತ್ತದೆ, ಅಕ್ಷರದಲ್ಲಿ ಹಾಗೆ ಅಡ್ಡಬರುವ ಪ್ರಮಾಣವಿಲ್ಲ. ನೈಯಾಯಿಕರು ಇನ್ನೂ ಬಿಗಿ. ಬಟ್ಟೆಯಿಂದ ಒಂದು ನೂಲು ತೆಗೆದರೂ ಹಳೆಯ ಬಟ್ಟೆ ನಾಶವಾಗಿ ಖಂಡಪಟವೆಂಬ ಹೊಸ ಬಟ್ಟೆ ಹುಟ್ಟಿತೆಂದು ಅವರ ಲೆಕ್ಕ. ಆ ಪ್ರಕಾರ ಕಚೇರಿಯ ನಡುವೆ ಒಂದು ಎಳೆ ಕಿತ್ತುಹೋದಾಗಲೆಲ್ಲ ವಾದಕರ ಕೈಯಲ್ಲಿರುವುದು ಹೊಸ ಕಮಾನು.

ಇಲ್ಲೊಂದು ವಿಚಿತ್ರವಿದೆ. ಕಮಾನಿನ ಭಾಗಗಳಲ್ಲಿ ತಂತಿಯನ್ನು ಸಾಮಾನ್ಯವಾಗಿ ಮುಟ್ಟುವುದು ಕೂದಲೊಂದೇ. ರಾಳ ಹಚ್ಚಿದ ಕೂದಲು ತಂತಿಯನ್ನು ಹಿಡಿದೆಳೆದು, ಬಿಟ್ಟು, ಮತ್ತೆ ಹಿಡಿಯುತ್ತದೆ. 440 ಹರ್ಟ್ಸ್‌ನ ಸ್ವರವಾದರೆ ಸೆಕೆಂಡಿಗೆ 440 ಸಲ. ಈ ಚಲನೆಯನ್ನು 19ನೇ ಶತಮಾನದಲ್ಲಿ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಗುರುತಿಸಿದ. ಅದರ ಗಣಿತವನ್ನು ವಿಸ್ತರಿಸಿದವರು, ಮುಂದೆ ಬೆಂಗಳೂರನ್ನೇ ಮನೆ ಮಾಡಿಕೊಂಡ ಸಿ.ವಿ. ರಾಮನ್. ಕಲ್ಕತ್ತೆಯಲ್ಲಿದ್ದಾಗ 1918ರಲ್ಲಿ ಅವರು ಕಮಾನೆಳೆದ ತಂತಿಗಳ ಕಂಪನದ ಬಗ್ಗೆ ದೊಡ್ಡ ಪ್ರಬಂಧವೊಂದನ್ನು ಪ್ರಕಟಿಸಿದರು. ಆಮೇಲೆ ಕಮಾನು ನಿಂತಲ್ಲೇ ನಿಂತು ಪಿಟೀಲೇ ಅತ್ತಿತ್ತ ಚಲಿಸುವ ಯಂತ್ರವನ್ನೂ ಕಟ್ಟಿ ಪ್ರಯೋಗ ಮಾಡಿದರು. ನಾದ ಹುಟ್ಟಿಸುವ ಭಾಗವೇ ಎಲ್ಲಕ್ಕಿಂತ ಅನಾಮಿಕ. ಕತ್ತರಿಸಿ ಕಸಕ್ಕೆ ಹಾಕಲು ಯಾರೂ ಹಿಂಜರಿಯುವುದಿಲ್ಲ. ಹೆಸರು, ಕೀರ್ತಿ, ಬೆಲೆ ಎಲ್ಲ ಇರುವುದು ತಂತಿಯನ್ನು ಸಾಮಾನ್ಯವಾಗಿ ಮುಟ್ಟದ ಕೋಲಿನಲ್ಲಿ.

ಅದರಲ್ಲೂ ತಲೆಯಲ್ಲಿ. ಇಂದಿನ ಕಮಾನಿಗೆ ರೂಪ ಕೊಟ್ಟ ಫ್ರಾನ್ಸ್ವಾ ತೂರ್ತ್ 1747ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದವನು, 1835ರವರೆಗೆ ಬದುಕಿದವನು. ಮೊದಲು ಗಡಿಯಾರದ ಕೆಲಸ ಕಲಿತ. ಕೋಲಿನ ಉದ್ದ, ತೂಕಗಳನ್ನು ನೆಲೆಗೊಳಿಸಿದ. ಬ್ರೆಜಿಲಿನ ಪೆರ್ನಾಂಬುಕೊ ಮರದ ಕೋಲನ್ನು ಬೆಂಕಿಯ ಕಾವಿನಲ್ಲಿ ಒಳಬಾಗಿಸುವ, ಕೂದಲನ್ನು ಪಟ್ಟಿಯಂತೆ ಅಗಲಿಸಿ ಹಿಡಿಯುವ ಪದ್ಧತಿಗಳು ಅವನ ಕೈಯಲ್ಲಿ ಮಾಗಿದವು. ತನ್ನ ಕಮಾನುಗಳಿಗೆ ಮುದ್ರೆ ಒತ್ತುವ ರೂಢಿ ಮಾತ್ರ ಅವನಿಗಿರಲಿಲ್ಲ. ಹಾಗಾಗಿ ಇದು ತೂರ್ತ್‌ನದು ಎಂದು ಹೇಳಲು ಪರಿಣತರು ಮೊದಲು ನೋಡುವುದು ತಲೆಯ ಆಕಾರವನ್ನು, ಅದರ ಅಂಚುಗಳಲ್ಲಿ ಚಾಕು ಓಡಿದ ರೀತಿಯನ್ನು. ತಲೆ ಮುರಿದರೆ ಮುರಿಯುವುದು ಅವನ ಸಹಿ ಇರುವ ಜಾಗವೇ.

ಮುಖ್ಯಾಂಗ, ಉಪಾಂಗಗಳ ಈ ಭೇದ ದೇವಾಲಯದ ಜಗತ್ತಿಗೆ ಚೆನ್ನಾಗಿ ಗೊತ್ತು. ‘ಮಯಮತ’ದಂಥ ಶಿಲ್ಪಗ್ರಂಥಗಳು ಜೀರ್ಣೋದ್ಧಾರವನ್ನು ಪ್ರತ್ಯೇಕವಾಗಿ ಚರ್ಚಿಸುತ್ತವೆ. ವಿಗ್ರಹದ ಸಣ್ಣ ಅಂಗ ಭಿನ್ನವಾದರೆ ಸರಿಪಡಿಸಿ ಪೂಜೆ ಮುಂದುವರಿಸಬಹುದು. ಪ್ರಧಾನ ಅಂಗ ಹೋದರೆ ವಿಗ್ರಹವನ್ನೇ ವಿಸರ್ಜಿಸಿ ಹೊಸದನ್ನು ಪ್ರತಿಷ್ಠಾಪಿಸಬೇಕು. ಗರ್ಭಗುಡಿಯ ಕೆಲಸ ನಡೆಯುವಾಗ ದೇವರ ಸಾನ್ನಿಧ್ಯವನ್ನು ಬಾಲಾಲಯವೆಂಬ ತಾತ್ಕಾಲಿಕ ಗುಡಿಗೆ ಸ್ಥಳಾಂತರಿಸುತ್ತಾರೆ. ಪುರಿಯಲ್ಲಂತೂ ಮರದ ಮೂರ್ತಿಗಳೇ ಬದಲಾಗುತ್ತವೆ. ಅಧಿಕ ಆಷಾಢ ಬಂದ ವರ್ಷಗಳಲ್ಲಿ ಬೇವಿನ ಮರದಿಂದ ಹೊಸ ಜಗನ್ನಾಥನನ್ನು ಕೆತ್ತುತ್ತಾರೆ; ಕಳೆದ ಬಾರಿ ಕೆತ್ತಿದ್ದು 2015ರಲ್ಲಿ. ಹಳೆಯ ಮೂರ್ತಿಯೊಳಗಿನ ಬ್ರಹ್ಮಪದಾರ್ಥವನ್ನು ಹೊಸದರಲ್ಲಿ ಇರಿಸಿ ಹಳೆಯದನ್ನು ಕೋಯ್ಲಿ ವೈಕುಂಠದಲ್ಲಿ ಮಣ್ಣು ಮಾಡಿದರು. ಮರವೆಲ್ಲ ಹೊಸದಾದರೂ ದೇವರು ಅದೇ, ಏಕೆಂದರೆ ಮುಂದುವರಿಯಬೇಕಾದದ್ದು ಯಾವುದೆಂದು ಸಂಪ್ರದಾಯ ಮೊದಲೇ ನಿರ್ಧರಿಸಿದೆ. ಕಮಾನಿನ ಲೋಕದ ನಿರ್ಧಾರ ಇದಕ್ಕೆ ತಿರುಗುಮುರುಗು: ಒಳಗಿಟ್ಟದ್ದೆಲ್ಲ ಹೋಗಲಿ, ಮರ ಉಳಿಯಲಿ.

ನಿರ್ಧಾರ ಎಂದ ಮೇಲೆ ಅದು ಯಾರದು ಎಂಬ ಪ್ರಶ್ನೆ ಬರುತ್ತದೆ. ಜೈನ ದಾರ್ಶನಿಕ ಸಮಂತಭದ್ರನ ‘ಆಪ್ತಮೀಮಾಂಸೆ’ಯಲ್ಲಿ ಇದಕ್ಕೆ ನೆರವಾಗುವ ಒಂದು ದೃಷ್ಟಾಂತವಿದೆ. ಚಿನ್ನದ ಕೊಡವನ್ನು ಕರಗಿಸಿ ಕಿರೀಟ ಮಾಡಿದಾಗ ಕೊಡ ಬೇಕಿದ್ದವನು ಅಳುತ್ತಾನೆ, ಕಿರೀಟ ಬೇಕಿದ್ದವನು ನಲಿಯುತ್ತಾನೆ, ಬರಿಯ ಚಿನ್ನ ಬೇಕಿದ್ದವನಿಗೆ ಅಳುವೂ ಇಲ್ಲ ನಗುವೂ ಇಲ್ಲ. ಮೂವರಿಗೂ ಸಕಾರಣವಿದೆ, ಏಕೆಂದರೆ ವಸ್ತುವಿನಲ್ಲಿ ನಾಶ, ಹುಟ್ಟು, ಸ್ಥಿರತೆ ಮೂರೂ ಒಟ್ಟಿಗೇ ಇವೆ. ಅಕಲಂಕ, ವಿದ್ಯಾನಂದರಂಥವರು ಟೀಕೆ ಬರೆದ ಕೃತಿ ಇದು. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿರುವ 1129ರ ಮಲ್ಲಿಷೇಣ ಪ್ರಶಸ್ತಿ ಸಮಂತಭದ್ರನನ್ನು ಊರೂರು ಸುತ್ತಿದ ವಾದಿಯೆಂದು ನೆನೆಯುತ್ತದೆ.

ಹೆಬ್ಬೆರಳ ಗುಳಿಗೆ ತೇಪೆ ಬಿದ್ದ ಹಳೆಯ ಕಮಾನಿನ ಎದುರೂ ಈ ಮೂವರನ್ನು ನಿಲ್ಲಿಸಬಹುದು. ಸಂಗ್ರಾಹಕ ಮರುಗುತ್ತಾನೆ, ಎರಡು ಶತಮಾನದ ಹಿಂದಿನ ಚಾಕುವಿನ ಗೆರೆಗಳು ಅಲ್ಲಿ ಅಳಿದವು. ಕೈ ಗಟ್ಟಿಯಾಗಿ ಕೂರುವುದರಿಂದ ವಾದಕನಿಗೆ ಸಂತೋಷ. ಮರದ ಪುಟಿತವನ್ನಷ್ಟೇ ಲೆಕ್ಕಕ್ಕೆ ಹಿಡಿಯುವವನಿಗೆ ಏನೂ ಆಗಿಲ್ಲ. ನಾಗಸೇನನ ದಾರಿಯಲ್ಲಿ ಉಳಿಯುವುದು ಹೆಸರು ಮಾತ್ರ. ಜೈನರ ದಾರಿಯಲ್ಲಿ ಉಳಿದದ್ದೂ ನಿಜ, ಹೋದದ್ದೂ ನಿಜ. ರಿಪೇರಿ ಮಾಡುವವರ ಅನುಭವಕ್ಕೆ ಎರಡನೆಯದೇ ಹತ್ತಿರ. ಅವರ ಮೇಜಿನ ಮುಂದೆ ಮೂವರೂ ಒಟ್ಟಿಗೇ ಬಂದು ನಿಲ್ಲುತ್ತಾರೆ, ಅನೇಕ ಸಲ ಒಬ್ಬನೇ ಗಿರಾಕಿಯ ರೂಪದಲ್ಲಿ.

ಕೋಲಿನ ಬಾಗನ್ನು ಸರಿಪಡಿಸುವಾಗ ಇಕ್ಕಟ್ಟು ಇನ್ನಷ್ಟು ಬಿಗಿಯಾಗುತ್ತದೆ. ಬಿಗಿ ಮಾಡಿದ ಕೂದಲು ಕೋಲನ್ನು ಸುಮಾರು ಆರು ಕಿಲೋ ಭಾರದಷ್ಟು ಬಲದಿಂದ ಎಳೆಯುತ್ತದೆ. ದಶಕಗಳ ಎಳೆತಕ್ಕೆ ಒಳಬಾಗು ಸಡಿಲವಾಗುತ್ತದೆ, ಕೋಲು ಪಕ್ಕಕ್ಕೂ ವಾಲುತ್ತದೆ. ಸ್ಪಿರಿಟ್ ದೀಪದ ಮೇಲೆ ಹದವಾಗಿ ಕಾಯಿಸಿ ಮತ್ತೆ ಬಾಗಿಸಬೇಕು. ಆದರೆ ಎಷ್ಟು? ತೂರ್ತ್ ಬಾಗಿಸಿದಷ್ಟೇ ಎನ್ನಲು ಅವನು ಬಿಟ್ಟುಹೋದ ಅಳತೆಯ ಪಟ್ಟಿಯಿಲ್ಲ. ಅವನ ಕಾಲದ ಕರುಳಿನ ತಂತಿಗಳ ಜಾಗದಲ್ಲಿ ಈಗ ಲೋಹವೂ ಸಿಂಥೆಟಿಕ್ಕೂ ಬಂದಿವೆ, ಸಭಾಂಗಣಗಳು ದೊಡ್ಡವಾಗಿವೆ. ಹಳೆಯ ಸ್ಥಿತಿಗೆ ಮರಳಿಸಿದ್ದೇವೆ ಎಂದುಕೊಂಡು ಕೊಟ್ಟ ಬಾಗು ಇಂದಿನ ರುಚಿಯದೇ ಆಗಿರುವ ಸಾಧ್ಯತೆ ಹೆಚ್ಚು. ಮ್ಯೂಸಿಯಂ ಈ ಗೋಜಿಗೆ ಹೋಗಬೇಕಿಲ್ಲ. ಅದು ಕಮಾನನ್ನು ಸಡಿಲ ಬಿಟ್ಟು ಗಾಜಿನೊಳಗಿಡಬಹುದು, ಮುಂದೆ ಬಿಡಿಸಲು ಬರುವ ಅಂಟನ್ನೇ ಬಳಸಬೇಕೆಂಬ ಸಂರಕ್ಷಣೆಯ ನಿಯಮವನ್ನು ಪಾಲಿಸಬಹುದು. ನುಡಿಸಬೇಕಾದ ಕಮಾನಿನ ಮುರಿದ ತಲೆಗೆ ಮೆದು ಅಂಟು ಸಾಲದು. ಅಲ್ಲಿ ಹಾಕುವುದು ಮತ್ತೆ ಬಿಡಿಸಲಾಗದ್ದು. ಕಮಾನಿಗೆ ತನ್ನ ಕೆಲಸ ಮಾಡುವ ಹಕ್ಕು ಕೊಟ್ಟ ಕೂಡಲೇ ಅದರ ಚರಿತ್ರೆಗೆ ಒಂದಿಷ್ಟು ಪೆಟ್ಟು ಬೀಳುತ್ತದೆ.

ಮೂಲಕ್ಕೆ ನಿಷ್ಠರಾಗಿರುವುದು ಪುಣ್ಯದ ಕೆಲಸವೆಂದು ಒಪ್ಪಿದರೂ ಮೂಲದಲ್ಲಿ ಇದ್ದದ್ದೇನು ಎಂದು ಕೇಳಬೇಕಾಗುತ್ತದೆ. ಹಳೆಯ ಕಮಾನುಗಳ ತಲೆಯ ಫಲಕ ಆನೆಯ ದಂತ, ಹಿಡಿಯ ಸುತ್ತು ಕೆಲವೊಮ್ಮೆ ತಿಮಿಂಗಿಲದ ಬಾಯಿಯ ಪಟ್ಟಿ, ದುಬಾರಿ ಫ್ರಾಗ್‌ಗಳು ಕಡಲಾಮೆಯ ಚಿಪ್ಪು. ಆಫ್ರಿಕದ ಆನೆಯನ್ನು 1989ರಲ್ಲಿ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಅತಿ ಕಟ್ಟುನಿಟ್ಟಿನ ಪಟ್ಟಿಗೆ ಸೇರಿಸಲಾಯಿತು. 2014ರಲ್ಲಿ ಬುಡಾಪೆಸ್ಟ್ ಫೆಸ್ಟಿವಲ್ ಆರ್ಕೆಸ್ಟ್ರಾ ನ್ಯೂಯಾರ್ಕಿನಲ್ಲಿ ಇಳಿದಾಗ ದಂತವಿರುವ ಶಂಕೆಯ ಮೇಲೆ ಅವರ ಏಳು ಕಮಾನುಗಳನ್ನು ಅಧಿಕಾರಿಗಳು ಹಿಡಿದಿಟ್ಟರು. ಈಗ ದೇಶ ದೇಶ ಸುತ್ತುವ ಅನೇಕ ವಾದಕರು ದಂತದ ಫಲಕ ತೆಗೆಸಿ ಮೂಳೆಯದೋ ಬೆಳ್ಳಿಯದೋ ಹಾಕಿಸುತ್ತಾರೆ. ಹಳೆಯ ದಂತವನ್ನು ಎಸೆದರೆ ಸತ್ತ ಆನೆ ಬದುಕುವುದಿಲ್ಲ; ಹೊಸ ದಂತ ಹಾಕಿದರೆ ಇನ್ನೊಂದಕ್ಕೆ ಬೆಲೆ ಕಟ್ಟಿದಂತಾಗುತ್ತದೆ. ಇಲ್ಲಿ ಮೂಲದಂತೆಯೇ ಮಾಡುವುದು ತಪ್ಪು ಎಂದು ಹೇಳಲು ಹೆಚ್ಚಿನವರಿಗೆ ಕಷ್ಟವಾಗಿಲ್ಲ, ಏಕೆಂದರೆ ಫಲಕ ಹೇಗೂ ಸವೆಯಲೆಂದು ಇಟ್ಟದ್ದು.

ಉಳಿಯಲೆಂದು ಇಟ್ಟ ಮರದ ಮಾತೇ ಕಷ್ಟದ್ದು. ಪೆರ್ನಾಂಬುಕೊ ಬೆಳೆಯುವುದು ಬ್ರೆಜಿಲಿನ ಅಟ್ಲಾಂಟಿಕ್ ತೀರದ ಕಾಡಿನಲ್ಲಿ. ಬಣ್ಣಕ್ಕಾಗಿ ಶತಮಾನಗಳ ಕಾಲ ಕಡಿದದ್ದು, ಆಮೇಲೆ ಕಾಡೇ ಹೊಲವೂ ಊರೂ ಆದದ್ದು ಸೇರಿ ಅದರ ಸಂಖ್ಯೆ ಕುಸಿಯಿತು. 2007ರಲ್ಲಿ ಅದು ಸೈಟಿಸ್‌ನ ಎರಡನೇ ಪಟ್ಟಿಗೆ ಬಂತು. ಆಗ ನಿಯಂತ್ರಣ ಇದ್ದದ್ದು ದಿಮ್ಮಿ, ಹಲಗೆ, ಅರೆಬರೆ ಕೆತ್ತಿದ ಕೋಲುಗಳ ಮೇಲೆ. ಸೈಟಿಸ್‌ನ 2022ರ ಪನಾಮಾ ಸಮ್ಮೇಳನದ ನಂತರ ಬ್ರೆಜಿಲಿನಿಂದ ಹೊರಡುವ ಸಿದ್ಧ ಕಮಾನುಗಳಿಗೂ ಅನುಮತಿ ಬೇಕಾಯಿತು. ಕಮಾನು ತಯಾರಕರೇ ಸೇರಿ ಈ ಶತಮಾನದ ಆರಂಭದಿಂದ ಸಸಿ ನೆಡಿಸುತ್ತಿದ್ದಾರೆ. ಆದರೆ ಕೋಲಿಗೆ ಬೇಕಾದ ಗಟ್ಟಿ ತಿರುಳು ಕೊಡಲು ಮರಕ್ಕೆ ದಶಕಗಳು ಹಿಡಿಯುತ್ತವೆ, ಕೊಯ್ದ ಮರದಲ್ಲೂ ಬಹುಪಾಲು ಕೋಲಿಗೆ ಯೋಗ್ಯವಲ್ಲದೆ ಹೊಟ್ಟಾಗುತ್ತದೆ.

ಇನ್ನೊಂದು ಕೊನೆಯಲ್ಲಿ ಕಲಿಯುವ ಮಕ್ಕಳ ಅಗ್ಗದ ಕಮಾನುಗಳಿವೆ. ಅವುಗಳ ಕೂದಲು ಬದಲಿಸಲು ಆಗುವ ಖರ್ಚು ಎಷ್ಟೋ ಸಲ ಹೊಸ ಕಮಾನಿನ ಬೆಲೆಯನ್ನೇ ಮುಟ್ಟುತ್ತದೆ. ಹಾಗಾಗಿ ಕೂದಲು ಹೋಯಿತೆಂದರೆ ಸರಿಯಿರುವ ಕೋಲು, ಫ್ರಾಗ್, ಸ್ಕ್ರೂಗಳೆಲ್ಲ ಜೊತೆಗೆ ಹೋಗುತ್ತವೆ. ಕೂದಲು ಉಪಾಂಗವೋ ಪ್ರಧಾನಾಂಗವೋ ಎಂಬುದನ್ನು ಇಲ್ಲಿ ಶಾಸ್ತ್ರವೂ ಹೇಳುವುದಿಲ್ಲ, ಮರವೂ ಹೇಳುವುದಿಲ್ಲ. ಅಂಗಡಿಯ ದರಪಟ್ಟಿ ಹೇಳುತ್ತದೆ.

ಒಂದು ಕಾಲದ ಲೆಕ್ಕದಿಂದ ಹುಟ್ಟಿದ ಭೇದ ಇನ್ನೊಂದು ಕಾಲದಲ್ಲಿ ಬದಲಾಗಲೂಬಹುದು. ಮುರಿದ ತಲೆಯನ್ನು ಮಾರುಕಟ್ಟೆ ಸಾವೆಂದು ಪರಿಗಣಿಸಿದ್ದು ಪೆರ್ನಾಂಬುಕೊ ಧಾರಾಳವಾಗಿ ಸಿಗುತ್ತಿದ್ದ ದಿನಗಳಲ್ಲಿ, ಕೋಲು ಹೋದರೆ ಇನ್ನೊಂದು ಕೋಲು ಎನ್ನಬಹುದಾಗಿದ್ದಾಗ. ಹಾಗೆ ತಲೆ ಮುರಿದು ಕೂಡಿಸಿದ ಕಮಾನುಗಳನ್ನು ಆರ್ಕೆಸ್ಟ್ರಾದ ವಾದಕರೂ ಸಂಗೀತ ಕಾಲೇಜಿನ ವಿದ್ಯಾರ್ಥಿಗಳೂ ಹುಡುಕಿ ಕೊಳ್ಳುವುದು ಈ ವೃತ್ತಿಯಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ತೂರ್ತ್‌ನದೋ, ಅವನ ನಂತರ ಹೆಸರಾದ ದೊಮಿನಿಕ್ ಪೆಕಾತ್‌ನದೋ ಕೋಲು ತಲೆಯಲ್ಲಿ ಒಂದು ಚಕ್ಕೆ ಹೊತ್ತಿರುವ ಕಾರಣಕ್ಕೆ ಅವರ ಕೈಗೆಟುಕುವ ಬೆಲೆಗೆ ಬರುತ್ತದೆ. ಸಂಗ್ರಾಹಕರ ಪಟ್ಟಿಯಿಂದ ಬಿದ್ದುಹೋದ ಆ ಕಮಾನುಗಳು ಸಾಮಾನ್ಯವಾಗಿ ಗಾಜಿನ ಪೆಟ್ಟಿಗೆಯಲ್ಲಿರುವುದಿಲ್ಲ; ರಾತ್ರಿಯ ಕಚೇರಿಗೆ ಹೋಗುತ್ತವೆ, ವರ್ಷಕ್ಕೊಮ್ಮೆ ಕೂದಲು ಬದಲಿಸಿಕೊಳ್ಳಲು ಬರುತ್ತವೆ, ಬಂದಾಗ ರಿಪೇರಿ ಮಾಡುವವರು ಚಕ್ಕೆಯ ಅಂಟನ್ನೂ ಹಿತ್ತಾಳೆಯ ಕಣ್ಣನ್ನೂ ಪರೀಕ್ಷಿಸಿ ಬಿಲ್ ಬರೆಯುತ್ತಾರೆ.